ಬೈಕಿನ ಹೊಸ ಬ್ಯಾಟರಿ ಐದೇ ತಿಂಗಳಿಗೆ ಹೋಯಿತು, ಈ ಸಲ ಯಾವ ಕಂಪನಿಯದು ಕೊಳ್ಳಲಿ?

ಯಾವ ಕಂಪನಿಯದೂ ಬೇಡ ಮಾರಾಯರೇ, ಸದ್ಯ ಬ್ಯಾಟರಿಯನ್ನೇ ಕೊಳ್ಳಬೇಡಿ. ಸೆಲ್ಫ್ ಒತ್ತಿದರೆ ಟಕ್ ಟಕ್ ಸದ್ದು ಮಾತ್ರ, ಗ್ಯಾರೇಜಿನವರು ಬ್ಯಾಟರಿ ಸತ್ತಿದೆ ಎನ್ನುತ್ತಾರೆ ಎಂದು ಬರೆದಿದ್ದೀರಿ. ಸತ್ತಿರುವುದು ನಿಜವೇ ಇರಬಹುದು. ಕೊಂದದ್ದು ಯಾವುದು ಎಂದು ಮೊದಲು ಹುಡುಕಿ.

ನನ್ನ ಮನೆ ಮಂಗಳೂರಿನ ಕಡಲ ಬದಿಯ ಸುರತ್ಕಲ್, ಕೆಲಸ ಅಲ್ಲೇ ಹತ್ತಿರದ ಬೈಕಂಪಾಡಿ. ಬೈಕಿಗೆ ಹಗಲೂ ರಾತ್ರಿ ಉಪ್ಪುಗಾಳಿ, ಮೇಲಿಂದ ನಾಲ್ಕು ತಿಂಗಳ ಮಳೆ. ಹೊಸ ಬ್ಯಾಟರಿ ಕೈಕೊಟ್ಟಾಗ ಮಲ್ಟಿಮೀಟರ್ (ವೋಲ್ಟೇಜ್ ಅಳೆಯುವ ಮೀಟರ್) ತಂದು ನಾನೇ ಪರೀಕ್ಷಿಸಿದೆ. ಆದರೆ ಅಳೆದದ್ದು ತಪ್ಪು ಜಾಗದಲ್ಲಿ. ರೆಗ್ಯುಲೇಟರಿನ, ಅಂದರೆ ಎಂಜಿನ್ನಿನಿಂದ ಬರುವ ಕರೆಂಟನ್ನು ಬ್ಯಾಟರಿಗೆ ತಕ್ಕಂತೆ ಹದಮಾಡುವ ಭಾಗದ, ಕಪ್ಲರ್ (ವಯರುಗಳನ್ನು ಜೋಡಿಸುವ ಪ್ಲಗ್) ಕೈಗೆ ಸುಲಭವಾಗಿ ಸಿಗುತ್ತಿತ್ತು; ಎಂಜಿನ್ ಓಡಿಸಿ ಅಲ್ಲೇ ನೋಡಿದೆ. 14.2 ವೋಲ್ಟ್. ಚಾರ್ಜಿಂಗ್ ಚೆನ್ನಾಗಿದೆ, ಬ್ಯಾಟರಿಯೇ ಕಳಪೆ ಎಂದು ನಿರ್ಧರಿಸಿ ಇನ್ನೊಂದನ್ನು ಕೊಂಡೆ. ಅದೂ ಹೋಯಿತು.

ರೆಗ್ಯುಲೇಟರ್ ಬಿಡುವ ವೋಲ್ಟೇಜ್ ಬೇರೆ, ಬ್ಯಾಟರಿಗೆ ಮುಟ್ಟುವುದು ಬೇರೆ. ಬ್ಯಾಟರಿಯ ಟರ್ಮಿನಲ್ ಮೇಲೆಯೇ, ಅಂದರೆ ಬೋಲ್ಟಿನ ಮೇಲೂ ಅಲ್ಲ, ವಯರಿನ ತುದಿಯಲ್ಲಿರುವ ಲೋಹದ ಲಗ್ಗಿನ ಮೇಲೂ ಅಲ್ಲ, ನೇರ ಸೀಸದ ಮೇಲೆ ಮೀಟರಿನ ಮೊನೆ ಇಟ್ಟಾಗ ಸಿಕ್ಕಿದ್ದು 12.9. ಉಳಿದದ್ದು ಎಲ್ಲಿ ಸೋರಿತು? ಎಂಜಿನ್ ಓಡುತ್ತಿರುವಾಗಲೇ ಒಂದು ಮೊನೆಯನ್ನು ಬ್ಯಾಟರಿಯ ನೆಗೆಟಿವ್ ಮೇಲೂ ಇನ್ನೊಂದನ್ನು ರೆಗ್ಯುಲೇಟರಿನ ಅರ್ತ್ (ಫ್ರೇಮಿಗೆ ಜೋಡಿಸುವ ನೆಗೆಟಿವ್) ವಯರಿನ ಮೇಲೂ ಇಟ್ಟೆ. 0.2 ವೋಲ್ಟಿನೊಳಗೆ ಇರಬೇಕಾದದ್ದು ಒಂದನ್ನು ದಾಟಿತ್ತು. ಅರ್ತ್ ವಯರನ್ನು ಫ್ರೇಮಿಗೆ ಬಿಗಿದಿದ್ದ ಬೋಲ್ಟಿನ ಅಡಿಯೆಲ್ಲ ತುಕ್ಕು. ಪ್ಲಾಸ್ಟಿಕ್ ಸುಲಿದರೆ ಒಳಗಿನ ತಾಮ್ರ ಹಸಿರು ಪುಡಿ. 12.9ರಲ್ಲಿ ಬ್ಯಾಟರಿ ಎಂದೂ ತುಂಬುವುದಿಲ್ಲ. ಅರೆತುಂಬಿದ ಸೀಸದ ಬ್ಯಾಟರಿಯ ಪ್ಲೇಟುಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂರುತ್ತದೆ, ಆಮೇಲೆ ಅದು ಚಾರ್ಜನ್ನೇ ಹಿಡಿಯುವುದಿಲ್ಲ. ಅದರ ಮೇಲೆ 2017ರ ಏಪ್ರಿಲ್‌ನಿಂದ ಬಂದ ಬೈಕುಗಳಲ್ಲಿ ಹೆಡ್‌ಲೈಟ್ ಆರಿಸುವ ಸ್ವಿಚ್ಚೇ ಇಲ್ಲ. ಕೊರತೆಯನ್ನು ತುಂಬಿಕೊಳ್ಳಲು ಹಗಲಿನಲ್ಲೂ ಬಿಡುವಿಲ್ಲ.

ಹಸಿರು ಭಾಗವನ್ನು ಹೊಳೆಯುವ ತಾಮ್ರ ಸಿಗುವವರೆಗೆ ಕತ್ತರಿಸಿ, ಹೊಸ ಲಗ್ ಹಾಕಿಸಿ, ಫ್ರೇಮಿನ ಬಣ್ಣ ಕೆರೆದು ಬಿಗಿದು ಪೆಟ್ರೋಲಿಯಂ ಜೆಲ್ಲಿ ಬಳಿದೆ. ಬ್ಯಾಟರಿಯ ಮೇಲೆ 14.1 ಬಂತು. ಕರಾವಳಿಯಲ್ಲಿ ಬೈಕ್ ಇಟ್ಟುಕೊಂಡವರು ಪ್ರತಿ ಮೇ ತಿಂಗಳಲ್ಲಿ ಈ ಬೋಲ್ಟುಗಳನ್ನು ಬಿಚ್ಚಿ ನೋಡಲೇಬೇಕು.

ವಯರುಗಳೆಲ್ಲ ಶುದ್ಧವಾಗಿದ್ದೂ ಬ್ಯಾಟರಿಯ ಮೇಲೆ 13.5 ದಾಟದಿದ್ದರೆ ಮಾತ್ರ ಎಂಜಿನ್ನಿನೊಳಗೆ ಕರೆಂಟ್ ಹುಟ್ಟಿಸುವ ಸ್ಟೇಟರ್ ಕಾಯಿಲ್ ಕಡೆ ಹೋಗಿ. ಅದರ ಕಪ್ಲರ್ ಬಿಚ್ಚಿ, ಎಂಜಿನ್ ಓಡಿಸಿ, ಹೆಚ್ಚಿನ ಬೈಕುಗಳಲ್ಲಿರುವ ಮೂರು ಹಳದಿ ವಯರುಗಳನ್ನು ಎರಡೆರಡಾಗಿ, ಮೀಟರನ್ನು ಎಸಿ ವೋಲ್ಟಿಗೆ ಇಟ್ಟು ಅಳೆದರೆ ಮೂರು ಜೋಡಿಯೂ ಹೆಚ್ಚುಕಡಿಮೆ ಸಮ ಇರಬೇಕು. ಬ್ಯಾಟರಿಯ ಮೇಲೆ 15 ದಾಟಿದರೆ ರೆಗ್ಯುಲೇಟರ್ ಕೆಟ್ಟಿದೆ. ಎಂಜಿನ್ ಓಡುವಾಗ ಟರ್ಮಿನಲ್ ಕಿತ್ತು ನೋಡುವ ಹಳೆಯ ಪರೀಕ್ಷೆಗೆ ಯಾರನ್ನೂ ಬಿಡಬೇಡಿ. ಫ್ಯೂಯೆಲ್ ಇಂಜೆಕ್ಷನ್ ಬೈಕಾದರೆ ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಸುಟ್ಟುಹೋಗಬಹುದು.

ಈಗಿರುವ ಬ್ಯಾಟರಿಯನ್ನು ಹೊರಗೆ ನಿಧಾನವಾಗಿ ಚಾರ್ಜ್ ಮಾಡಿಸಿ, ಒಂದು ರಾತ್ರಿ ಬಿಟ್ಟು ಅಳೆಯಿರಿ, 12.6 ಉಳಿದಿರಬೇಕು. ಸೆಲ್ಫ್ ಒತ್ತುವಾಗ ಎಷ್ಟಕ್ಕೆ ಇಳಿಯುತ್ತದೆ, ಎಂಜಿನ್ ವೇಗವಾಗಿ ಓಡುವಾಗ ಎಷ್ಟಕ್ಕೆ ಏರುತ್ತದೆ ಎಂಬುದನ್ನೂ ಗುರುತಿಸಿಕೊಳ್ಳಿ. ಮೂರೂ ಅಂಕಿಗಳನ್ನು ಇಲ್ಲಿ ಬರೆಯಿರಿ, ಮುಂದೆ ಎಲ್ಲಿ ಬಿಚ್ಚಬೇಕೆಂದು ಹೇಳುತ್ತೇನೆ.