ಉರುಗ್ವೆ ಗೆದ್ದದ್ದು ಎರಡು ವಿಶ್ವಕಪ್, ಅಂಗಿಯ ಮೇಲೆ ನಾಲ್ಕು ನಕ್ಷತ್ರಗಳೇಕೆ?
1930 ಮತ್ತು 1950ರ ವಿಶ್ವಕಪ್‌ಗಳ ಜೊತೆಗೆ 1924 ಮತ್ತು 1928ರ ಒಲಿಂಪಿಕ್ಸ್ ಚಿನ್ನದ ಪದಕಗಳನ್ನೂ ಉರುಗ್ವೆ ವಿಶ್ವ ಪ್ರಶಸ್ತಿಗಳೆಂದೇ ಎಣಿಸುವುದರಿಂದ ಅದರ ರಾಷ್ಟ್ರೀಯ ಫುಟ್‌ಬಾಲ್ ತಂಡದ ಅಂಗಿಯ ಮೇಲೆ ನಾಲ್ಕು ನಕ್ಷತ್ರಗಳಿವೆ.

ಈ ಎಣಿಕೆಗೆ ಗಟ್ಟಿಯಾದ ಆಧಾರವಿದೆ. 1930ಕ್ಕೆ ಮೊದಲು ಫುಟ್‌ಬಾಲಿನ ಜಾಗತಿಕ ಸಂಸ್ಥೆಯಾದ ಫಿಫಾಗೆ ತನ್ನದೇ ಆದ ವಿಶ್ವ ಪಂದ್ಯಾವಳಿ ಇರಲಿಲ್ಲ. ಒಲಿಂಪಿಕ್ಸ್ ಫುಟ್‌ಬಾಲನ್ನು ಹವ್ಯಾಸಿ ಆಟಗಾರರ ವಿಶ್ವ ಚಾಂಪಿಯನ್‌ಷಿಪ್ ಎಂದು ಪರಿಗಣಿಸಲು ಅದು 1914ರಲ್ಲೇ ಒಪ್ಪಿಕೊಂಡಿತ್ತು. ಹಾಗಾಗಿ ಪ್ಯಾರಿಸ್ಸಿನಲ್ಲಿ ಸ್ವಿಟ್ಜರ್ಲೆಂಡನ್ನು 3-0ರಿಂದ, ಆಮ್‌ಸ್ಟರ್‌ಡ್ಯಾಮಿನಲ್ಲಿ ಮೊದಲ ಫೈನಲ್ ಸಮವಾದ ಬಳಿಕ ಮರುಪಂದ್ಯದಲ್ಲಿ ಅರ್ಜೆಂಟೀನಾವನ್ನು 2-1ರಿಂದ ಸೋಲಿಸಿದ ಉರುಗ್ವೆ, ಆ ಕಾಲದಲ್ಲಿ ಲಭ್ಯವಿದ್ದ ಅತಿ ದೊಡ್ಡ ಪ್ರಶಸ್ತಿಯನ್ನೇ ಗೆದ್ದಿತ್ತು. ವಿಶ್ವಕಪ್ ಆರಂಭವಾದ ಮೇಲೆ ಒಲಿಂಪಿಕ್ಸ್ ಫುಟ್‌ಬಾಲಿಗೆ ಆ ಸ್ಥಾನ ಉಳಿಯಲಿಲ್ಲವಾದ್ದರಿಂದ ನಂತರದ ಚಿನ್ನಗಳನ್ನು ಯಾರೂ ಹೀಗೆ ಲೆಕ್ಕಿಸುವುದಿಲ್ಲ.

ಮೊದಲ ವಿಶ್ವಕಪ್ಪನ್ನು ಉರುಗ್ವೆ ತನ್ನ ರಾಜಧಾನಿ ಮಾಂಟೆವಿಡಿಯೊದಲ್ಲಿ ಅರ್ಜೆಂಟೀನಾವನ್ನು 4-2ರಿಂದ ಮಣಿಸಿ ಪಡೆಯಿತು. ಆದರೆ ನಾಲ್ಕರಲ್ಲಿ ಅತ್ಯಂತ ಅಸಾಧಾರಣವಾದದ್ದು 1950ರದು ಎಂಬುದು ನನ್ನ ದೃಢವಾದ ಅಭಿಪ್ರಾಯ: ಕೊನೆಯ ಪಂದ್ಯವನ್ನು ಸಮ ಮಾಡಿಕೊಂಡರೂ ಪ್ರಶಸ್ತಿ ಬ್ರೆಜಿಲ್‌ಗೇ ಸಲ್ಲುತ್ತಿತ್ತು, ಮೊದಲ ಗೋಲನ್ನು ಹೊಡೆದದ್ದೂ ಬ್ರೆಜಿಲ್ಲೇ, ಆದರೂ ರಿಯೊದ ಕಿಕ್ಕಿರಿದ ಮರಕಾನಾ ಕ್ರೀಡಾಂಗಣದಲ್ಲಿ ಸ್ಕಿಯಾಫಿನೊ ಮತ್ತು ಗಿಜಿಯಾ ಗಳಿಸಿದ ಗೋಲುಗಳಿಂದ ಉರುಗ್ವೆ 2-1ರಿಂದ ಗೆದ್ದಿತು. ಫಿಫಾದ ವಿಶ್ವಕಪ್ ವಿಜೇತರ ಪಟ್ಟಿಯಲ್ಲಿ ಮಾತ್ರ ಉರುಗ್ವೆಯ ಹೆಸರಿನ ಮುಂದೆ ಎರಡೇ ಕಪ್‌ಗಳಿವೆ.