ಮಂಜೂರಾಯಿತು ಸರಿ, ಬಿಡುಗಡೆ ಆಯ್ತಾ?

ಮೇಷ್ಟ್ರೇ, ನಮಸ್ಕಾರ.

ಬೇಲೂರಿನಿಂದ ನೀವು ಬರೆದ ನಾಲ್ಕು ಪುಟದ ಪತ್ರ ಬಂತು. ಪೂರ್ತಿ ಹಾಕಲು ಜಾಗವಿಲ್ಲ, ಬೇರೆ ಓದುಗರಿಗಾಗಿ ಅದರಲ್ಲಿ ಇರೋದನ್ನು ಎರಡು ಮಾತಲ್ಲಿ ಹೇಳಿಬಿಡ್ತೀನಿ. ನಿಮ್ಮ ಮನೆಯವರಿಗೆ ಆರು ವರ್ಷದಿಂದ ಪಾರ್ಕಿನ್ಸನ್ ಅನ್ನೋ ನಡುಕದ ಕಾಯಿಲೆ. ನಿಮಗೆ ಮೊದಲು ಅನುಮಾನ ಬಂದಿದ್ದು ಕೈ ನಡುಕದಿಂದ ಅಲ್ಲ, ಬಾಗಿಲ ಮುಂದಿನ ರಂಗೋಲಿ ದಿನೇ ದಿನೇ ಚಿಕ್ಕದಾಗುತ್ತಾ ಬಂದಿದ್ದರಿಂದ. ಹೋದ ಸಂಚಿಕೆಯಲ್ಲಿ ನಾವು ‘ಈ ಕಾಯಿಲೆಯ ಸಂಶೋಧನೆಗೆ ಅಂತಲೇ ಅಮೆರಿಕದಲ್ಲಿ ಕಾನೂನಿದೆ, ನಮ್ಮಲ್ಲಿ ಇಲ್ಲ’ ಅಂತ ಬರೆದಿದ್ದು ಓದಿ ನಿಮಗೆ ರೇಗಿದೆ. ‘ಅಮೆರಿಕದ ಪುರಾಣ ಸಾಕು, ನಮ್ಮ ಎಂಪಿ ತಮ್ಮ ಐದು ಕೋಟಿ ನಿಧಿಯಲ್ಲಿ ಒಂದು ಕೋಟಿ ಸಂಶೋಧನೆಗೆ ಕೊಡಲಿ, ಕಾನೂನು ಯಾರಿಗೆ ಬೇಕು’ ಅಂದಿದ್ದೀರಿ.

ಕೈಬರಹ ಚಿಕ್ಕದಾಗೋದು ಈ ಕಾಯಿಲೆಯ ಗುರುತು ಅಂತ ಡಾಕ್ಟರರು ಹೇಳೋದು ಕೇಳಿದ್ದೆ. ನಮ್ಮ ಸೋದರಮಾವನ ರುಜು ಹಾಗೇ ಕುಗ್ಗಿಹೋಗಿ, ಬ್ಯಾಂಕಿನಲ್ಲಿ ಚೆಕ್ ವಾಪಸ್ ಬರೋದಕ್ಕೆ ಶುರುವಾಗಿತ್ತು. ರಂಗೋಲಿಯಲ್ಲಿ ಅದನ್ನು ಕಂಡ ನಿಮ್ಮ ಕಣ್ಣು ದೊಡ್ಡದು.

ಇನ್ನು ನಿಮ್ಮ ಸಿಟ್ಟಿಗೆ ಬರ್ತೀನಿ. ಅರ್ಧ ಸರಿ ಇದೆ, ಅರ್ಧ ಸರಿ ಇಲ್ಲ. ಮೊದಲು ಎಂಪಿ ನಿಧಿ. ವರ್ಷಕ್ಕೆ 5 ಕೋಟಿ ಅನ್ನೋದು ನಿಜ, ಆದರೆ ಆ ದುಡ್ಡು ಊರಿಗೆ ಬಾಳಿಕೆ ಬರುವ ಆಸ್ತಿ ಮಾಡೋದಕ್ಕೆ ಇರೋದು. ಶಾಲೆ ಕೊಠಡಿ, ಬಸ್ ತಂಗುದಾಣ, ಕುಡಿಯುವ ನೀರು, ಈ ಥರ. ಸಂಶೋಧನೆಗೆ ಸಹಾಯಧನ ಅಂತ ಅದರಿಂದ ಕೊಡೋದಕ್ಕೆ ಬರಲ್ಲ. ಎಂಪಿ ಹತ್ತಿರ ಅದಕ್ಕಿಂತ ದೊಡ್ಡದೊಂದು ಇದೆ, ಅದು ಬಾಯಿ. ಅದರ ವಿಷಯ ಆಮೇಲೆ.

ಅಮೆರಿಕದ ಕತೆಯನ್ನು ಹೋದ ಸಲ ನಾವು ಅರ್ಧಕ್ಕೇ ಬಿಟ್ಟಿದ್ದೆವು, ಆ ತಪ್ಪು ನಮ್ಮದೇ. ಮಾರಿಸ್ ಯುಡಾಲ್ ಅಂತ ಅರಿಜೋನಾದ ಸಂಸದರಿದ್ದರು. ಪಾರ್ಕಿನ್ಸನ್ ಇದ್ದುಕೊಂಡೇ ವರ್ಷಗಟ್ಟಲೆ ಸದನದಲ್ಲಿ ಕೂತು, 1991ರಲ್ಲಿ ರಾಜೀನಾಮೆ ಕೊಟ್ಟರು. ಅವರ ಹೆಸರಿನಲ್ಲಿ 1997ರಲ್ಲಿ ಕಾನೂನು ಬಂತು, ವರ್ಷಕ್ಕೆ 10 ಕೋಟಿ ಡಾಲರ್ ತನಕ ಈ ಸಂಶೋಧನೆಗೆ ಖರ್ಚು ಮಾಡಬಹುದು ಅಂತ. ‘ಮಾಡಬಹುದು’ ಅನ್ನೋ ಪದ ನೋಡಿ. ನಮ್ಮ ಕಡೆ ಪಂಚಾಯ್ತಿ ರಸ್ತೆ ‘ಮಂಜೂರಾಗಿದೆ’ ಅಂತ ಬೋರ್ಡು ನಿಲ್ಲಿಸಿ ಮೂರು ಮಳೆಗಾಲ ಕಳೆದರೂ ಜಲ್ಲಿ ಬೀಳಲ್ಲ, ಯಾಕಂದ್ರೆ ದುಡ್ಡು ‘ಬಿಡುಗಡೆ’ ಆಗಿಲ್ಲ. ಅಲ್ಲೂ ಅದೇ. ಮಂಜೂರು ಮಾಡೋದು ಒಂದು ಕಾನೂನು, ಬಿಡುಗಡೆ ಮಾಡೋದು ಪ್ರತಿ ವರ್ಷದ ಬೇರೆ ಮಸೂದೆ. ಅದರ ಮೇಲೆ ರೋಗಿಗಳ ಕಡೆಯವರು ಲೆಕ್ಕ ಹಾಕಿ, ಬೇರೆ ಬೇರೆ ಮೆದುಳಿನ ಸಂಶೋಧನೆಯನ್ನೆಲ್ಲ ಪಾರ್ಕಿನ್ಸನ್ ಲೆಕ್ಕಕ್ಕೇ ಸೇರಿಸಿ ತೋರಿಸ್ತಿದ್ದಾರೆ ಅಂತ ಅಲ್ಲಿನ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಮೇಲೆ ದೂರು ಹೇಳಿದರು.

ಆಗ ಕೆಲಸ ಮಾಡಿದ್ದು ಕಾನೂನಲ್ಲ, ವಿಚಾರಣೆ. 1999ರ ಸೆಪ್ಟೆಂಬರ್‌ನಲ್ಲಿ ಅಲ್ಲಿನ ಮೇಲ್ಮನೆಯಾದ ಸೆನೆಟ್ಟಿನಲ್ಲಿ ದುಡ್ಡು ಬಿಡುಗಡೆ ನೋಡಿಕೊಳ್ಳೋ ಉಪಸಮಿತಿ ಎದುರು, ಪಾರ್ಕಿನ್ಸನ್ ಇದ್ದ ನಟ ಮೈಕೆಲ್ ಜೆ. ಫಾಕ್ಸ್ ಕೂತರು. ಕಾಯಿಲೆ ಹೇಗಿರತ್ತೆ ಅಂತ ಸಮಿತಿಯವರಿಗೆ ಕಾಣಲಿ ಅಂತ ಅವತ್ತು ಬೇಕಂತಲೇ ಮಾತ್ರೆ ನುಂಗದೆ ಹೋಗಿದ್ದೆ ಅಂತ ಆಮೇಲೆ ಅವರೇ ಬರೆದುಕೊಂಡಿದ್ದಾರೆ. ಮಾತ್ರೆ ಒಂದು ಗಂಟೆ ತಡವಾದರೆ ಮನೆಯಲ್ಲಿ ಏನಾಗತ್ತೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಆ ಆರೋಗ್ಯ ಸಂಸ್ಥೆಯವರನ್ನೂ ಕರೆಸಿ ಕೇಳಿದರು. 2000ದ ಹೊತ್ತಿಗೆ ಐದು ವರ್ಷದ ಸಂಶೋಧನಾ ಯೋಜನೆ ಬರೆದು ಕೊಡಲೇಬೇಕಾಯಿತು. 2024ರ ಜುಲೈನಲ್ಲಿ ಅಲ್ಲಿ ಇನ್ನೊಂದು ಕಾನೂನಾಯಿತು, ಪಾರ್ಕಿನ್ಸನ್ ಕೊನೆಗಾಣಿಸುವ ರಾಷ್ಟ್ರೀಯ ಯೋಜನೆಗೆ ಅಂತ. ಅದರಲ್ಲೂ ದುಡ್ಡಿಲ್ಲ ಮೇಷ್ಟ್ರೇ! ಒಂದು ಸಲಹಾ ಮಂಡಳಿ, ಒಂದು ಯೋಜನೆ, ಸಂಸತ್ತಿಗೆ ವರದಿ ಒಪ್ಪಿಸುವ ಕಟ್ಟಳೆ, ಅಷ್ಟೇ. ಆದರೂ ರೋಗಿಗಳು ಅದನ್ನು ಗೆಲುವು ಅಂತ ಸಂಭ್ರಮಿಸಿದರು, ಯಾಕಂದ್ರೆ ವರದಿ ಒಪ್ಪಿಸಬೇಕಾದವನು ಸುಮ್ನೆ ಕೂರೋದಕ್ಕೆ ಆಗಲ್ಲ.

ನಮ್ಮಲ್ಲಿ ಹೇಗಿದೆ? ವೈದ್ಯಕೀಯ ಸಂಶೋಧನೆಯ ದುಡ್ಡು ಮುಖ್ಯವಾಗಿ ಕೇಂದ್ರದ ಆರೋಗ್ಯ ಸಂಶೋಧನಾ ಇಲಾಖೆಯಿಂದ ಐಸಿಎಂಆರ್‌ಗೆ, ಅಂದ್ರೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಗೆ ಹೋಗತ್ತೆ. ಬಜೆಟ್ ಪುಸ್ತಕದಲ್ಲಿ ಪಾರ್ಕಿನ್ಸನ್ ಅಂತ ಪ್ರತ್ಯೇಕ ಸಾಲು ಇರಲ್ಲ, ದೊಡ್ಡ ಮೊತ್ತದ ಒಳಗೆ ಎಲ್ಲೋ ಸೇರಿಕೊಂಡಿರತ್ತೆ. ಬಜೆಟ್ ಮಂಡನೆ ಆದಮೇಲೆ ಪ್ರತಿ ಇಲಾಖೆಯ ದುಡ್ಡಿನ ಬೇಡಿಕೆಯನ್ನು ಸಂಸತ್ತಿನ ಸ್ಥಾಯಿ ಸಮಿತಿ ನೋಡಬೇಕು, 1993ರಿಂದ ಇರೋ ಪದ್ಧತಿ. ಎರಡೂ ಸದನದವರು, ಎಲ್ಲ ಪಕ್ಷದವರು ಒಂದೇ ಮೇಜಿನ ಸುತ್ತ ಕೂತು ಕಾರ್ಯದರ್ಶಿಗಳನ್ನು ಕರೆಸಿ, ಕೊಟ್ಟಿದ್ದೆಷ್ಟು ಖರ್ಚಾಗಿದ್ದೆಷ್ಟು ಅಂತ ಕೇಳಬಹುದಾದ ಜಾಗ ಅದು. ಟಿವಿಯಲ್ಲಿ ಬರಲ್ಲ, ಅದಕ್ಕೇ ನಮಗೆ ಅದರ ಬಗ್ಗೆ ಗೊತ್ತಿಲ್ಲ. ನಿಮ್ಹಾನ್ಸ್ ವಿಷಯದಲ್ಲಂತೂ ಇನ್ನೂ ನೇರ ದಾರಿ ಇದೆ. 2012ರ ಕಾಯ್ದೆಯ ಪ್ರಕಾರ ಆ ಸಂಸ್ಥೆಗೆ ಮೂವರು ಸಂಸದರು ಸದಸ್ಯರು, ಲೋಕಸಭೆಯಿಂದ ಇಬ್ಬರು, ರಾಜ್ಯಸಭೆಯಿಂದ ಒಬ್ಬರು.

ಕೇಳೋ ಜಾಗ ಇಷ್ಟೊಂದು ಇದೆ, ಕೇಳೋರು ಕಮ್ಮಿ. ಹೋದ ಸಲ ನಾವು ಬರೆಯಬೇಕಾಗಿದ್ದು ಇದನ್ನೇ. ಹೊಸ ಕಾನೂನು ಬರಲಿ ಅಂತ ಬಾಯಿ ಬಡ್ಕೊಳ್ಳೋದಕ್ಕಿಂತ ಇರೋ ಬಾಗಿಲು ಬಡಿಯೋದು ಸುಲಭ ಅಲ್ವಾ?

ನೆಂಟರೊಬ್ಬರು ನಸುಗುನ್ನಿ ಬೀಜದ ಪುಡಿ ಕೊಟ್ಟಿದ್ದಾರೆ ಅಂತ ಬರೆದಿದ್ದೀರಲ್ಲ, ಆ ಮಾತೂ ಇಲ್ಲೇ ಹೇಳಿಬಿಡ್ತೀನಿ. ಬೇಲಿ ಮೇಲೆ ಹಬ್ಬಿ ಮೈಯೆಲ್ಲ ತುರಿಸೋ ಹಾಗೆ ಮಾಡೋ ಆ ಬಳ್ಳಿಯ ಬೀಜದಿಂದ ಎಲ್-ಡೋಪಾ ಅನ್ನೋ ವಸ್ತು ಬೇರ್ಪಡಿಸಿ ತೋರಿಸಿದವರು ಮದ್ರಾಸಿನ ದಾಮೋದರನ್ ಮತ್ತು ರಾಮಸ್ವಾಮಿ, 1937ರಲ್ಲಿ. ಅದೇ ವಸ್ತು ನಡುಕದ ಕಾಯಿಲೆಗೆ ಔಷಧ ಅಂತ ಗೊತ್ತಾಗಿದ್ದು 1960ರ ದಶಕದಲ್ಲಿ, ವಿಯೆನ್ನಾ, ನ್ಯೂಯಾರ್ಕ್ ಕಡೆಯ ಡಾಕ್ಟರರಿಂದ. ಈಗ ನಿಮ್ಮ ಮನೆಯವರು ನುಂಗುವ ಮಾತ್ರೆಯಲ್ಲೂ ಇರೋದು ಅದೇ. ಹಾಗಂತ ಆ ನೆಂಟರು ಕೊಟ್ಟ ಬೀಜದ ಪುಡಿಯನ್ನು ಮಾತ್ರೆ ಜೊತೆ ಕೊಡಬೇಡಿ, ಎರಡೂ ಸೇರಿ ಪ್ರಮಾಣ ಜಾಸ್ತಿ ಆಗತ್ತೆ. ಡಾಕ್ಟರನ್ನು ಕೇಳದೆ ಬೇಡವೇ ಬೇಡ.

ನಮ್ಮ ಜಿಲ್ಲೆಯವರು ಕೇಳಲೇಬೇಕಾದ ಪ್ರಶ್ನೆ ಇನ್ನೊಂದಿದೆ. ಪ್ಯಾರಾಕ್ವಾಟ್ ಅನ್ನೋ ಕಳೆನಾಶಕಕ್ಕೂ ಪಾರ್ಕಿನ್ಸನ್‌ಗೂ ನಂಟಿರಬಹುದು ಅಂತ ಹೊರಗಿನ ಹಲವು ಅಧ್ಯಯನಗಳು ಹೇಳಿವೆ. ಯುರೋಪಿಯನ್ ಒಕ್ಕೂಟದಲ್ಲಿ 2007ರಿಂದ ಅದು ಇಲ್ಲ, ಕೇರಳದಲ್ಲಿ 2011ರಿಂದ ನಿಷೇಧ. ಸಕಲೇಶಪುರದಿಂದ ಮೂಡಿಗೆರೆ ತನಕ ತೋಟಗಳಲ್ಲಿ ಬೆನ್ನಿಗೆ ಸ್ಪ್ರೇಯರ್ ಕಟ್ಟಿಕೊಂಡು ಕಳೆಗೆ ಔಷಧಿ ಹೊಡೆಯೋರನ್ನು ನಾವು ದಿನಾ ನೋಡ್ತೀವಿ. ಅವರ ಕೈಯಲ್ಲಿ ಕೈಗವಸು ಕಂಡಿದ್ದೀರಾ? ಅವರನ್ನು ಹತ್ತು ವರ್ಷ, ಇಪ್ಪತ್ತು ವರ್ಷ ಹಿಂಬಾಲಿಸಿ ನೋಡೋ ಅಧ್ಯಯನಕ್ಕೆ ದುಡ್ಡು ಹಾಕಬೇಕಾದ್ದು ಸರ್ಕಾರವೇ, ಕಳೆನಾಶಕ ಮಾರೋ ಕಂಪನಿ ಅಂತೂ ಹಾಕಲ್ಲ.

ಆದ್ದರಿಂದ ಮೇಷ್ಟ್ರೇ, ಎಂಪಿಗೆ ‘ಒಂದು ಕೋಟಿ ಕೊಡಿ’ ಅಂತ ಬರೆಯಬೇಡಿ. ‘ಲೋಕಸಭೆಯಲ್ಲಿ ಒಂದು ಪ್ರಶ್ನೆ ಹಾಕಿ’ ಅಂತ ಬರೆಯಿರಿ. ಕಳೆದ ಐದು ವರ್ಷದಲ್ಲಿ ಪಾರ್ಕಿನ್ಸನ್ ಸಂಶೋಧನೆಗೆ ಐಸಿಎಂಆರ್ ಎಷ್ಟು ಕೊಟ್ಟಿತು, ಅದರಲ್ಲಿ ಬಿಡುಗಡೆ ಆಗಿದ್ದೆಷ್ಟು, ಕಾಫಿ ಜಿಲ್ಲೆಗಳಲ್ಲಿ ಕಳೆನಾಶಕ ಹೊಡೆಯುವವರ ಮೇಲೆ ಅಧ್ಯಯನ ಆಗಿದೆಯಾ, ಇಷ್ಟು ಸಾಕು. ಸದನದಲ್ಲಿ ಬಾಯಿಮಾತಿನ ಉತ್ತರ ಬೇಡದ ಪ್ರಶ್ನೆಗೆ ‘ಚುಕ್ಕೆ ಇಲ್ಲದ ಪ್ರಶ್ನೆ’ ಅಂತಾರೆ, ಅವನ್ನು ದಿನಕ್ಕೆ 230 ತನಕ ತಗೋತಾರೆ, ಉತ್ತರ ಬರಹದಲ್ಲಿ ಬರತ್ತೆ, ಸಂಸತ್ತಿನ ವೆಬ್‌ಸೈಟಿನಲ್ಲಿ ಉಳಿಯತ್ತೆ. ಬೇಲೂರು ಹಾಸನ ಕ್ಷೇತ್ರಕ್ಕೇ ಸೇರಿದೆ, ಕಡೂರಿನವರದೂ ಅದೇ ಕ್ಷೇತ್ರ. ಚಿಕ್ಕಮಗಳೂರು, ಮೂಡಿಗೆರೆಯವರು ಉಡುಪಿ ಜೊತೆಗಿರೋ ತಮ್ಮ ಎಂಪಿಗೆ ಬರೆಯಬೇಕು.

ಇನ್ನೊಂದು, ಮರೆಯೋ ಮುಂಚೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಬಗೆಗಳಲ್ಲಿ ಪಾರ್ಕಿನ್ಸನ್ ಕೂಡ ಇದೆ. ಶೇ. 40 ಅಥವಾ ಹೆಚ್ಚು ಅಂತ ಪ್ರಮಾಣಪತ್ರ ಸಿಕ್ಕರೆ ಸವಲತ್ತುಗಳಿಗೆ ಅರ್ಜಿ ಹಾಕಬಹುದು. ಆರು ವರ್ಷದಿಂದ ಯಾರೂ ನಿಮಗೆ ಇದನ್ನು ಹೇಳಿಲ್ಲ ಅನ್ನೋದು ನಿಮ್ಮ ಪತ್ರದಿಂದ ಗೊತ್ತಾಗತ್ತೆ.

ಎಂಪಿಗೆ ಬರೆದ ಪತ್ರದ ಒಂದು ನಕಲು ನಮಗೂ ಹಾಕಿ. ಉತ್ತರ ಬಂದರೆ ಇದೇ ಪುಟದಲ್ಲಿ ಅಚ್ಚು ಹಾಕ್ತೀವಿ. ಬರದಿದ್ದರೆ ಅಷ್ಟು ಜಾಗ ಖಾಲಿ ಬಿಡ್ತೀವಿ.

– ಸಂಪಾದಕ