ಮಗಳ ಉತ್ತರ ಸರಿ ಇದೆ, ಬೋರ್ಡ್ ಅಂದರೆ ಊಟವೂ ಹೌದು

ನಮಸ್ಕಾರ ಮೇಡಂ,

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಏಳನೇ ಕ್ಲಾಸಿನ ನಿಮ್ಮ ಮಗಳು ಟೆಸ್ಟಿನಲ್ಲಿ 'ಬೋರ್ಡ್' ಅಂದರೆ ಊಟ ಅಂತಲೂ ಬರೆದಳು, ಮಿಸ್ಸು ಅದಕ್ಕೆ ಕೆಂಪು ಗೆರೆ ಎಳೆದರು. ಮೆಜೆಸ್ಟಿಕ್‌ನಲ್ಲಿ ಬಸ್ಸಿಗೆ ಕಾಯುವಾಗ ಹೋಟೆಲೊಂದರ 'ಬೋರ್ಡಿಂಗ್ ಅಂಡ್ ಲಾಡ್ಜಿಂಗ್' ಬರಹ ತೋರಿಸಿ ಆ ಅರ್ಥ ಹೇಳಿಕೊಟ್ಟವರು ನೀವೇ. ಈಗ ನಿಮಗೇ ಅನುಮಾನ. ನೀರಿನ ಬೋರ್ಡು, ಬಸ್ಸಿನ ಬೋರ್ಡು, ಏರ್‌ಪೋರ್ಟಿನ ಬೋರ್ಡಿಂಗ್ ಪಾಸು ಎಲ್ಲ ಒಂದೇ ಪದವಾ ಅಂತ ಕೇಳಿದ್ದೀರಿ. ಕನ್ನಡದ ಪದಗಳು ಇಷ್ಟು ಅರ್ಥ ಹೊರುವುದಿಲ್ಲ ಅಲ್ವಾ ಅಂತಲೂ ಬರೆದಿದ್ದೀರಿ.

ಮೊದಲು ಮಗಳಿಗೆ ಹೇಳಿಬಿಡಿ, ಅವಳ ಉತ್ತರ ಸರಿ.

ಹಳೆಯ ಇಂಗ್ಲಿಷಿನಲ್ಲಿ ಬೋರ್ಡ್ ಅಂದರೆ ಮರದ ಹಲಗೆ. ಆಗಿನ ಮನೆಗಳಲ್ಲಿ ಊಟದ ಹೊತ್ತಿಗೆ ಎರಡು ಮರದ ಕಾಲುಗಳ ಮೇಲೆ ಹಲಗೆ ಹಾಸುತ್ತಿದ್ದರು, ಉಂಡಾದ ಮೇಲೆ ತೆಗೆದು ಗೋಡೆಗೆ ಒರಗಿಸುತ್ತಿದ್ದರು. ಹೀಗೆ ಹಲಗೆಯೇ ಮೇಜಾಯಿತು, ಆಮೇಲೆ ಅದರ ಮೇಲೆ ಬಡಿಸುವ ಊಟಕ್ಕೂ ಅದೇ ಹೆಸರು ಬಂತು. ಬೋರ್ಡಿಂಗ್ ಅಂದರೆ ಊಟ, ಲಾಡ್ಜಿಂಗ್ ಅಂದರೆ ಮಲಗಲು ಜಾಗ. ಬೋರ್ಡಿಂಗ್ ಸ್ಕೂಲ್ ಕೂಡ ಇಲ್ಲಿಂದಲೇ ಬಂದದ್ದು. ಅದೇ ಮೇಜಿನ ಸುತ್ತ ಕೂತು ತೀರ್ಮಾನ ಮಾಡುವವರೂ ಬೋರ್ಡ್ ಆದರು. 1964ರಲ್ಲಿ ಶುರುವಾದ ನಮ್ಮ ಜಲಮಂಡಳಿ ಆ ಸಾಲಿಗೆ ಸೇರಿದ್ದು. ಕರೆಂಟಿನ ಬೋರ್ಡು 1999ರಲ್ಲೇ ಹೋಯಿತು, ಆದರೂ ಕರೆಂಟ್ ಹೋದಾಗ 'ಕೆಇಬಿಗೆ ಫೋನ್ ಮಾಡು' ಅನ್ನುವವರು ನಮ್ಮ ಬೀದಿಯಲ್ಲಿ ಇನ್ನೂ ಇದ್ದಾರೆ. ಬಸ್ಸಿನ ಬೋರ್ಡಿಗೆ ವಿವರಣೆಯೇ ಬೇಡ, ಅದು ಹಲಗೆಯೇ.

ಬೋರ್ಡಿಂಗ್ ಪಾಸಿನದು ಮಾತ್ರ ಸ್ವಲ್ಪ ಬೇರೆ ಕತೆ. ಅಂಚು, ಪಕ್ಕ ಅನ್ನುವ ಅರ್ಥದ ಇನ್ನೊಂದು ಹಳೆಯ ಪದ ಇತ್ತು, ಹಡಗಿನ ಪಕ್ಕಕ್ಕೂ ಅದೇ ಹೆಸರು. ಎರಡರ ಉಚ್ಚಾರವೂ ಒಂದೇ ಆದ್ದರಿಂದ ಕಾಲಕ್ರಮದಲ್ಲಿ ಬೆರೆತುಹೋದವು. ಹಡಗಿನ ಪಕ್ಕಕ್ಕೆ ಬಂದು ಹತ್ತುವುದು ಬೋರ್ಡಿಂಗ್, ಆ ಮಾತು ಆಮೇಲೆ ರೈಲಿಗೆ, ವಿಮಾನಕ್ಕೆ ಬಂತು. ಹಡಗು ತಿರುಗಿಸುವ ಹುಟ್ಟು ಬಲಗಡೆ ಇರುತ್ತಿದ್ದರಿಂದ ಬಲಪಕ್ಕ ಸ್ಟಾರ್‌ಬೋರ್ಡ್ ಆಯಿತು. ಅದರಲ್ಲಿರುವುದು ನಕ್ಷತ್ರ ಅಲ್ಲ, 'ಸ್ಟಿಯರಿಂಗ್'ನ ಹಳೆಯ ರೂಪ. ಎಡಪಕ್ಕ ಲಾರ್‌ಬೋರ್ಡ್. ಗಾಳಿಯ ಸದ್ದಿನಲ್ಲಿ ಎರಡೂ ಒಂದೇ ಥರ ಕೇಳುತ್ತಿದ್ದವು, ಅದಕ್ಕೇ 1844ರಲ್ಲಿ ಬ್ರಿಟಿಷ್ ನೌಕಾಪಡೆ ಎಡಪಕ್ಕವನ್ನು ಪೋರ್ಟ್ ಅಂತಲೇ ಕರೆಯಬೇಕೆಂದು ಆದೇಶ ಮಾಡಿತು.

ಅಂಚಿನ ಆ ಪದದ ಬಳಗದ್ದೇ ಒಂದು ಪದ ಫ್ರೆಂಚಿಗೆ ಹೋಗಿ, ಅಲ್ಲಿಂದ ಇಂಗ್ಲಿಷಿಗೆ ಬಾರ್ಡರ್ ಆಗಿ ಬಂತು. ಚಿಕ್ಕಪೇಟೆಯಲ್ಲಿ ನೀವು 'ಬಾರ್ಡರ್ ಇನ್ನೂ ದೊಡ್ಡದು ತೋರಿಸಿ' ಅಂದಾಗ ಆ ಜರಿ ಅಂಚಿಗೂ ಬೋರ್ಡಿಂಗ್ ಪಾಸಿಗೂ ನಂಟಿದೆ. ಇದನ್ನು ಮಗಳಿಗೆ ಸೀರೆ ಮುಟ್ಟಿಸಿಯೇ ಹೇಳಿ.

ಇನ್ನು ಕನ್ನಡದ ಮಾತು. ಇದನ್ನು ನಾನು ಒಪ್ಪುವುದಿಲ್ಲ ಮೇಡಂ. 'ಹಲಗೆ'ಯನ್ನೇ ನೋಡಿ. ಅದು ಸಂಸ್ಕೃತದ ಫಲಕದ ತದ್ಭವ. ಮರದ ಹಲಗೆ ಇದೆ, ಹಲಗೆ-ಬಳಪದ ಹಲಗೆ ಇದೆ, ಉತ್ತರ ಕರ್ನಾಟಕಕ್ಕೆ ಹೋದರೆ ಬಾರಿಸುವ ಹಲಗೆಯೂ ಇದೆ. ಫಲಕಕ್ಕೆ ಗುರಾಣಿ ಅನ್ನುವ ಅರ್ಥ ಇತ್ತು, ಹಳೆಯ ಇಂಗ್ಲಿಷಿನ ಬೋರ್ಡಿಗೂ ಅದೇ ಅರ್ಥ ಇತ್ತು. ಅಂಗಡಿ ಮುಂದಿನ ನಾಮಫಲಕದಲ್ಲಿ ಇವತ್ತು ಕಾಣುವುದು ಆ ಫಲಕವೇ.

ಹಲಗೆಗಿಂತ ಜಾಸ್ತಿ ನನಗೆ ಇಷ್ಟ ಆಗುವುದು ಮಣೆ. ನಮ್ಮಜ್ಜಿ ಮನೆಯಲ್ಲಿ ಹಲಸಿನ ಮರದ ಐದು ಮಣೆಗಳಿದ್ದವು, ಕೂತು ಕೂತು ನಡುವೆ ನುಣುಪಾಗಿ, ಸ್ವಲ್ಪ ತಗ್ಗಾಗಿ, ಮೂಲೆಯಲ್ಲಿ ಹಿತ್ತಾಳೆ ಮೊಳೆ. ಅಜ್ಜಿ 'ಮಣೆ ಹಾಕು' ಅಂದರೆ ಊಟಕ್ಕೆ ತಯಾರಿ ಅಂತಲೇ. ಅದೇ ಮಾತಿಗೆ ಮನ್ನಣೆ ಕೊಡು ಅಂತಲೂ ಅರ್ಥ. ಇಂಗ್ಲಿಷಿನವರು ಹಲಗೆಯ ಮೇಲೆ ಊಟ ಇಟ್ಟರು, ನಾವು ಉಣ್ಣುವವರನ್ನು ಕೂರಿಸಿದೆವು. ತರಕಾರಿ ಹೆಚ್ಚಲು ಈಳಿಗೆಮಣೆ, ಆಟಕ್ಕೆ ಚೆನ್ನೆಮಣೆ, ಮದುವೆಗೆ ಹಸೆಮಣೆ. ಇಷ್ಟು ಸಾಲದಾ?

ಸಾಲದು ಅಂದರೆ ಇನ್ನೊಂದಿದೆ. ನಾನು ಈ ಉತ್ತರ ಟೈಪ್ ಮಾಡುತ್ತಿರುವುದು ಕೆ.ಪಿ. ರಾವ್ ಅವರ ವಿನ್ಯಾಸದ ಕನ್ನಡ ಕೀಬೋರ್ಡಿನಲ್ಲಿ. ಕೀಬೋರ್ಡಿಗೆ ಕನ್ನಡ ಪದ ಬೇಕಾದಾಗ ಹಲಗೆಯನ್ನೂ ಫಲಕವನ್ನೂ ಬಿಟ್ಟು 'ಕೀಲಿಮಣೆ' ಅಂದರು. ಟೆಸ್ಟ್ ಪೇಪರ್ ವಾಪಸ್ ಕೊಡುವಾಗ ಮಿಸ್ಸಿಗೆ ಇದನ್ನೂ ತೋರಿಸಿ, ಒಳ್ಳೆಯ ಡಿಕ್ಷನರಿಯ ಬೋರ್ಡ್ ಪುಟದ ಜೊತೆ. ಮಾರ್ಕ್ಸ್ ವಾಪಸ್ ಬಂದರೆ ಒಂದು ಕಾರ್ಡ್ ಹಾಕಿ, ಮುಂದಿನ ಸಂಚಿಕೆಯಲ್ಲಿ ಹಾಕುತ್ತೇವೆ.

– ಸಂ.